ಅಮ್ಮ ತುಂಬಿಸಿದ ಸ್ಟೀಲ್ ಲೋಟ

ಕನ್ನಡ ಸಂಘದ ಸೂಚನಾ ಹಲಗೆ ಓದುವ ಗೆಳೆಯರೇ, ವಡೋದರಾಕ್ಕೆ ಬಂದಾಗಿನಿಂದ ಮಾತಿಗೆ ಜನವಿಲ್ಲದೆ ಕೂತಿದ್ದ ನಮ್ಮಮ್ಮನನ್ನು ನೋಡಲು ಇವತ್ತು ಪಕ್ಕದ ಮನೆಯ ಗುಜರಾತಿ ಅಜ್ಜಿ ಬಂದರು. ಅಮ್ಮ ಸ್ಟೀಲ್ ಲೋಟದ ಅಂಚಿನವರೆಗೂ ಕಾಫಿ ತುಂಬಿಸಿ ಕೊಟ್ಟಳು. ಬಿಸಿ ಅಂಚಿಗೂ ಏರಿ, ಬೆರಳಿಡಲು ತಣ್ಣಗಿನ ಜಾಗವೇ ಉಳಿಯಲಿಲ್ಲ. ಅಜ್ಜಿ "ಬಹು ಗರಮ್ ಛೇ" ಎಂದು ಕೈ ಕೊಡವಿ, ಆರಿದ ಮೇಲೆ ಕುಡಿದು ಹೋದರು.

"ಮೊದಲ್ನೇ ಸಲ ಬಂದೋರಿಗೆ ಕಮ್ಮಿ ಹಾಕೋದು ಹೇಗೋ? ಇನ್ನು ಈ ಕಡೆ ತಲೆ ಹಾಕಲ್ಲ ಬಿಡು" ಎಂದು ಅಮ್ಮ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಸಂಜೆ ಅಜ್ಜಿ ತಮ್ಮದೇ ಪಿಂಗಾಣಿ ಕಪ್ಪು, ಸಾಸರು ಹಿಡಿದು ಬಂದರು. ಕಾಫಿ ಕುಡಿದು ಹೊರಟಾಗ ಅವನ್ನು ತೊಳೆದು ಕೊಡಲು ಹೋದೆ.

"ಇಧರ್ ಹೀ ರಖೋ, ದೀಕ್ರಾ." ಇಲ್ಲೇ ಇಟ್ಟುಕೋ ಮಗಾ, ಎಂದರು ಅಜ್ಜಿ.

ಹಾಗಾಗಿ ನಾನೀಗ ದಿನಾ ಇಬ್ಬರಿಗೂ ಸಾಲುವಷ್ಟು ಕಾಫಿಪುಡಿ ಹುಡುಕಲು ಹೊರಟಿದ್ದೇನೆ.