ಬೀಡಿ ತೂತಿನ ಕಂಬಳಿ

ಇವತ್ತು ಬೆಳಿಗ್ಗೆ ಆಳಂದ ಕಡೆಯಿಂದ ಬಂದವರೊಬ್ಬರು ಹಳೆಯ ಧೋತರದಲ್ಲಿ ಸುತ್ತಿದ ಗಂಟೊಂದನ್ನು ನಮ್ಮ ಜೇವರ್ಗಿಯ ಮನೆಗೆ ತಂದುಕೊಟ್ಟು ಹೋದರು. ಕಿಣ್ಣಿ ಸುಲ್ತಾನದ ನಮ್ಮ ಕಾಕಾ ಕಳಿಸಿದ್ದು. ಬಿಚ್ಚದೆಯೇ ಗೊತ್ತಾಯಿತು. ಹುಣಸೆ ಬೀಜದ ಅಂಬಲಿ, ಒಲೆಯ ಹೊಗೆ, ಕುರಿ, ಈ ಮೂರೂ ಕೂಡಿದ ವಾಸನೆಯ ವಸ್ತು ನಮ್ಮ ಮನೆತನದಲ್ಲಿ ಇರುವುದು ಒಂದೇ, ಅಜ್ಜನ ಕಂಬಳಿ. ಗಂಟನ್ನು ಮೇಜಿನ ಮೇಲಿಟ್ಟು ಎದುರಿಗೆ ಚಹಾ ಹಿಡಿದು ಕೂತಿದ್ದೇನೆ, ಬಿಚ್ಚಲು ಧೈರ್ಯವಿಲ್ಲ. ಯಾಕೆಂದು ಹೇಳುತ್ತೇನೆ, ನೀವೂ ಕೂತುಕೊಳ್ಳಿ.

ನನಗೆ ಹೂವಿನ ಫೋಟೊ ತೆಗೆಯುವ ಹುಚ್ಚು. ದೊಡ್ಡ ಸಾಮಾನೇನೂ ಇಲ್ಲ, ಕಿಟಕಿಯ ಬೆಳಕು ಮತ್ತು ಒಂದು ಹಳೆಯ ಕ್ಯಾಮೆರಾ. ಬಿಳಿ ಮಲ್ಲಿಗೆಯ ಹಿಂದೆ ಗಾಢ ಕಪ್ಪು ಇದ್ದರೆ ಹೂ ಎದ್ದು ಕಾಣುತ್ತದೆ. ಆ ಕಪ್ಪನ್ನು ಖರ್ಚಿಲ್ಲದೆ ಹುಡುಕುವುದರಲ್ಲಿ ಒಂದು ಬೇಸಿಗೆ ಕಳೆದೆ. ಕಪ್ಪು ಚಾರ್ಟ್ ಹಾಳೆ ನಾಲ್ಕೇ ದಿನಕ್ಕೆ ಬೂದಿ ಬಣ್ಣಕ್ಕೆ ತಿರುಗಿತು. ಮುರಿದ ಛತ್ರಿಯ ಬಟ್ಟೆ ಬಿಚ್ಚಿ ಕಟ್ಟಿದರೆ ಹೊಳೆಯಿತು. ಮಖಮಲ್ಲಿನ ಕುಪ್ಪಸದ ಬಟ್ಟೆ ಚೆನ್ನಾಗಿತ್ತು, ಆದರೆ ಎರಡು ಹೂವಿಗೆ ಸಾಲುವಷ್ಟು ಅಗಲವಿರಲಿಲ್ಲ, ಮೇಲಾಗಿ ಮನೆಯ ಧೂಳೆಲ್ಲ ಅದಕ್ಕೇ ಬೇಕು. ಕಡೆಗೆ ರೊಟ್ಟಿ ಹಂಚಿನ ತಳವನ್ನೂ ಬಿಡಲಿಲ್ಲ. ಚಿತ್ರವೇನೋ ಬಂತು, ಮಸಿ ಮಾತ್ರ ಮೊದಲು ಮಲ್ಲಿಗೆಗೆ, ಆಮೇಲೆ ನನ್ನ ಸೀರೆಗೆ ಹತ್ತಿತು.

ಮರುವರ್ಷ ಯುಗಾದಿಗೆ ಊರಿಗೆ ಹೋದಾಗ ಗೂಟಕ್ಕೆ ತೂಗುಹಾಕಿದ್ದ ಕಂಬಳಿ ಕಣ್ಣಿಗೆ ಬಿತ್ತು. ಕಾಡಿಗೆಗಿಂತ ಕಪ್ಪು. ಅಜ್ಜ ಅಫಜಲಪುರ ತಾಲೂಕಿನ ಅತನೂರಿನಲ್ಲಿ ಹೇಳಿ ನೇಯಿಸಿದ್ದು, ಅಜ್ಜನ ನಂತರ ಕಾಕಾನ ಹೆಗಲಿಗೆ ಬಂದದ್ದು. ಒಂದು ಮೂಲೆಯಲ್ಲಿ ಅಜ್ಜನ ಬೀಡಿ ಸುಟ್ಟ ತೂತು. ಕೇಳಲೋ ಬೇಡವೋ ಎನ್ನುತ್ತಲೇ ಕೇಳಿದೆ.

"ಹೂವಿನ ಹಿಂದ ಕಂಬಳಿ ಕಟ್ಟತೀಯೇನ್ಬೇ?" ಎಂದು ಕಾಕಾ ನಕ್ಕ. "ಒಯ್ಯಿ. ಮಿರಗ ಕೂಡೂದ್ರಾಗ ತಂದ್ಕೊಡು. ಮಳಿಯಾಗ ನನಗ ಅದೇ ಛತ್ರಿ."

ಮನೆಗೆ ತಂದು ಕಟ್ಟಿ ನೋಡಿದರೆ ಕಂಬಳಿಯ ಮೇಲೆ ಸಣ್ಣಗೆ ಮಿಂಚು. ಹೊಟ್ಟು, ಧೂಳು, ಎಂಥದೋ ಜಿಡ್ಡು. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಬೆಳಕು ಹೇಗೆ ಪ್ರತಿಫಲಿಸುತ್ತದೆಂದು ಪ್ರತಿ ವರ್ಷ ಹಲಗೆಯ ಮೇಲೆ ಬಾಣ ಎಳೆದು ತೋರಿಸುತ್ತೇನೆ. ಹೂವನ್ನು ಕಿಟಕಿಯ ಹತ್ತಿರವಿಟ್ಟು ಕಂಬಳಿಯನ್ನು ಎರಡು ಮಾರು ಹಿಂದೆ ಸರಿಸಿದ್ದರೆ ಅದರ ಮೇಲೆ ಬೆಳಕೇ ಬೀಳುತ್ತಿರಲಿಲ್ಲ, ಮಿಂಚೂ ಇರುತ್ತಿರಲಿಲ್ಲ. ಅಷ್ಟು ಹೊಳೆಯಲಿಲ್ಲ ನನಗೆ. ಬಕೆಟ್ಟಿಗೆ ಸೋಪಿನ ಪುಡಿ ಸುರಿದು ಕಂಬಳಿ ನೆನೆಹಾಕಿದೆ. ನೀರು ಲೋಳೆಲೋಳೆಯಾಗಿ ಬಂತು. ಎಷ್ಟು ವರ್ಷದ ಕೊಳೆಯೋ ಎಂದು ಖುಷಿಪಟ್ಟು ಮತ್ತೆರಡು ಸಲ ತೊಳೆದೆ.

ಒಣಗಿದ ಮೇಲೆ ಕಂಬಳಿ ಮೆತ್ತಗಾಗಿ ಬೆಳಕನ್ನೆಲ್ಲ ಕುಡಿಯತೊಡಗಿತು. ಬೀಡಿ ತೂತನ್ನು ಹಿಂದಕ್ಕೆ ಮಡಚಿ ದುಂಡುಮಲ್ಲಿಗೆಯ ಚಿತ್ರ ತೆಗೆದೆ. ಅಂಥ ಚಿತ್ರ ನಾನು ಅದಕ್ಕೂ ಮೊದಲು ತೆಗೆದಿರಲಿಲ್ಲ. ಹೇಳಿದ ಹಾಗೆ ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವ ಮೊದಲೇ ಕಂಬಳಿಯನ್ನು ಊರಿಗೆ ಮುಟ್ಟಿಸಿದೆ.

ಮೊದಲ ಮಳೆಯ ಮರುದಿನ ಕಾಕಾನ ಫೋನು. ಹೊಲದಿಂದ ಬರುವಷ್ಟರಲ್ಲಿ ತೊಯ್ದು ತೊಪ್ಪೆಯಾಗಿದ್ದನಂತೆ. ಎರಡು ದಿನ ಜ್ವರ ಬಂದು ಮಲಗಿದ ಎಂದು ಆಮೇಲೆ ತಿಳಿಯಿತು.

"ಕಂಬಳಿಗೆ ಏನ್ ಮಾಡೀದಿ?"

"ಏನಿಲ್ರಿ ಕಾಕಾ, ಬರೇ ಝಾಡಿಸೀನಿ."

"ಸಾಬಾಣದ ವಾಸನಿ ಬರಾಕತ್ತದ," ಎಂದು ಫೋನಿಟ್ಟ.

ನನ್ನನ್ನು ಹೆಗಲ ಮೇಲೆ ಹೊತ್ತು ಹೊಲ ತೋರಿಸಿದವನಿಗೆ, ಒಂದು ಕಂಬಳಿಗಾಗಿ ಸುಳ್ಳು ಹೇಳಿದೆ. ನಾಚಿಕೆಯಾಯಿತು. ವಾರವಿಡೀ ಕಾಕಾನ ಫೋನು ಬರಲಿಲ್ಲ. ರವಿವಾರ ನಾನೇ ಹೋಗಿ, "ಒಗದೀನ್ರಿ ಕಾಕಾ, ಸುಳ್ಳ ಹೇಳಿದೆ," ಎಂದೆ. ಸಮಾಧಾನವಾಗಲಿ ಎಂದು ಮಲ್ಲಿಗೆಯ ಚಿತ್ರವನ್ನೂ ಮುಂದೆ ಹಿಡಿದೆ. ಕಾಕಾ ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಬಹಳ ಹೊತ್ತು ನೋಡಿದ.

"ಹೂ ಛಲೋ ಬಂದದ. ಕಂಬಳಿ ಎಲ್ಲದ?"

"ಹಿಂದಿನ ಕಪ್ಪೆಲ್ಲಾ ಅದೇ ಅದ್ರಿ. ಕಾಣಬಾರದು ಅಂತಾನೇ ಕಟ್ಟೂದು."

"ಅಪ್ಪನ ಬೀಡಿ ತೂತು?"

ಕಾಕಾ ಚಿತ್ರವನ್ನು ವಾಪಸು ಕೊಟ್ಟು ಎತ್ತಿಗೆ ಮೇವು ಹಾಕಲು ಎದ್ದ.

ಕಂಬಳಿ ಎತ್ತಿಕೊಂಡು ಅಲ್ಲಿಂದಲೇ ಅತನೂರಿಗೆ ಹೋದೆ. ಅಜ್ಜನ ಕಂಬಳಿ ನೇಯ್ದ ಮನೆಯಲ್ಲಿ ಈಗ ಇರುವುದು ನೇಯ್ದವರ ಸೊಸೆ, ಅವರಿಗೂ ಹಲ್ಲು ಉದುರಿವೆ. ಕಂಬಳಿಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಸಾಲಿ ಕಲಿಸ್ತೀರಂತ, ಕಂಬಳಿ ಒಗೀತಾರೇನ್ರಿ?" ಎಂದರು. ನಾನು ತೊಳೆದು ಚರಂಡಿಗೆ ಚೆಲ್ಲಿದ್ದು ಕೊಳೆಯಲ್ಲ, ಹುಣಸೆ ಬೀಜದ ಅಂಬಲಿ. ಅದು ಕುಡಿದ ಕಂಬಳಿ ಬಿರುಸಾಗಿ ಮಳೆಯನ್ನು ಜಾರಿಸುತ್ತದೆ. ಆ ಮಿಂಚೇ ಅದರ ಜೀವ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸುವುದೆಲ್ಲ ಅವರದು. ಬಿಸಿಲಿಗೆ ಬಿಗಿದ ಕಂಬಳಿಗೆ ಕುಂಚದಿಂದ ಬಳಿಯುವ ಕೆಲಸ ನನಗೇ ಹಚ್ಚಿದರು. ಎರಡು ದಿನ ರಜೆ ಹಾಕಿ ಬಳಿದೆ, ರಟ್ಟೆ ಬಿದ್ದುಹೋದವು.

ತಂದುಕೊಟ್ಟಾಗ ಕಾಕಾ ಮೂಸಿ ನೋಡಿದ. ಕಂಬಳಿಯನ್ನು ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತ. "ನೀರ ಸುರುವು," ಎಂದ. ತುಂಬಿದ ಕೊಡ ಎತ್ತಿ ಅವನ ತಲೆಯ ಮೇಲೆ ಸುರಿದೆ. ನೀರೆಲ್ಲ ಜಾರಿ ನೆಲಕ್ಕೆ ಬಿತ್ತು. ಕಾಕಾ ಒಳಗೆ ಕೈ ಆಡಿಸಿ ನೋಡಿ, "ಒಂದ್ ಹನೀನೂ ಇಳದಿಲ್ಲ," ಎಂದ. ಎದ್ದು ಕಂಬಳಿಯನ್ನು ಗೂಟಕ್ಕೆ ತೂಗುಹಾಕಿದ. ಕಂಬಳಿಯನ್ನು ಮತ್ತೆ ಕೇಳುವ ಧೈರ್ಯ ನನಗೆ ಬರಲಿಲ್ಲ. ಎರಡು ವರ್ಷದಿಂದ ಶಾಲೆಯ ಹಳೆಯ ಕಪ್ಪು ಪರದೆಯನ್ನು ದೂರ ಕಟ್ಟಿ ಕೆಲಸ ನಡೆಸಿದ್ದೇನೆ.

ಚಹಾ ಮುಗಿಯುವ ಹೊತ್ತಿಗೆ ಫೋನು ಬಂತು.

"ಮುಟ್ಟ್ಯದೇನು?"

"ಮುಟ್ಟ್ಯದ್ರಿ ಕಾಕಾ."

"ಮಿರಗಕ್ಕ ಇನ್ನೂ ಟೈಮ್ ಅದ. ಹೂ ತಗಿ. ಒಗೀಬ್ಯಾಡ ಮತ್ತ."

ಗಂಟು ಬಿಚ್ಚಿದೆ. ಪರದೆ ಇಳಿಸಿ ಕಂಬಳಿ ಕಟ್ಟಿದೆ. ಅದನ್ನು ಎರಡು ಮಾರು ದೂರ ಕಟ್ಟಬೇಕೆಂದು ಈಗ ನನಗೆ ಚೆನ್ನಾಗಿ ಗೊತ್ತು. ಆದರೂ ಹೂವಿನ ಬೆನ್ನಿಗೇ, ಕಿಟಕಿಯ ಬೆಳಕು ನೇರ ಬೀಳುವಷ್ಟು ಹತ್ತಿರ ಕಟ್ಟಿದೆ. ಚಿತ್ರದಲ್ಲಿ ಎಳೆ ಎಳೆ ಕಾಣುತ್ತಿದೆ, ಮಿಂಚೂ ಕಾಣುತ್ತಿದೆ. ಮಲ್ಲಿಗೆಯ ಪಕ್ಕದಲ್ಲೇ ಅಜ್ಜನ ಬೀಡಿ ತೂತು. ಮೊದಲ ಪ್ರತಿ ಕಾಕಾನಿಗೆ ಕಳಿಸುತ್ತಿದ್ದೇನೆ.