ಸದ್ದಿಲ್ಲದ ಗಾಡಿಯಲ್ಲಿ ಕಾಕಾ

ಕಾಕಾ ಕೂಗುವಾಗ ಅವರ ಕೊರಳಿನ ಎಡಭಾಗದ ನರವೊಂದು ಹಗ್ಗದಂತೆ ಉಬ್ಬಿ ನಿಲ್ಲುತ್ತಿತ್ತು. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಹಾನಗಲ್ಲಿಗೆ ಮರಳಿದ ವರ್ಷ ಆ ನರದ ಪಕ್ಕದಲ್ಲಿ ಗೋಲಿಯಷ್ಟು ಗಾತ್ರದ ಗಂಟು ಕಾಣಿಸಿಕೊಂಡಿತ್ತು. ಬೇಸಿಗೆಯಲ್ಲಿಯೂ ಅವರು ಅದರ ಮೇಲೆ ಕೆಂಪು ಮಫ್ಲರ್ ಸುತ್ತಿಕೊಂಡಿರುತ್ತಿದ್ದರು.

ಅವರು ನಮ್ಮ ಬಂಧುಗಳಲ್ಲ; ಊರಿಗೆಲ್ಲ ಕಾಕಾ. ಬಾಯಿಗಿಟ್ಟು ಕೂಗುವ ತಗಡಿನ ತುತ್ತೂರಿ ಹಿಡಿದು ಟಾಂಗಾದಲ್ಲಿ ಕುಳಿತು, ಟೂರಿಂಗ್ ಟಾಕೀಸಿನ ಹೊಸ ಚಿತ್ರವನ್ನು, ಜವಳಿ ಅಂಗಡಿಯ ಹೊಸ ಮಾಲನ್ನು ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಸಾರುವುದು ಅವರ ಉದ್ಯೋಗ. ಹಾನಗಲ್ಲಿನಲ್ಲಿ ಯಾರಾದರೂ ತೀರಿಕೊಂಡರೆ ಆ ಸುದ್ದಿಯನ್ನೂ ಅವರೇ ಓಣಿ ಓಣಿ ನಡೆದು ತಿಳಿಸುತ್ತಿದ್ದರು. ಅದಕ್ಕೆ ಮಾತ್ರ ಟಾಂಗಾ ಹತ್ತುತ್ತಿರಲಿಲ್ಲ.

ಕೆಲಸವಿಲ್ಲದೆ ಕುಳಿತಿದ್ದ ನನ್ನನ್ನು ಕರಪತ್ರ ಬರೆಯಲು ಕರೆದವರು ಅವರೇ. ನಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗ ನಾನು. ಒಂದು ಒತ್ತಕ್ಷರ ತಪ್ಪಿದರೂ ಪಡೆದ ಪದವಿಯೇ ಸುಳ್ಳಾದೀತೆಂಬ ಭಯ ನನಗಿತ್ತು. ಬರೆದುದನ್ನೆಲ್ಲ ಕಾಕಾ ನನ್ನಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದರು. "ಓದಿದ್ರ ಬಾಯಾಗ ನೀರ ಬರಬೇಕೋ ತಮ್ಮಾ, ನಾಲಿಗಿ ಒಣಗಬಾರದು" ಎನ್ನುತ್ತಿದ್ದರು.

ಆ ವರ್ಷ ಸವಣೂರಿನಲ್ಲಿ ಮೋಟಾರು ಸಾಮಾನಿನ ಅಂಗಡಿಯಿಟ್ಟಿದ್ದ ಸಾಹುಕಾರರು, ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬನಿಂದ ಬ್ಯಾಟರಿಯ ಬಲದಲ್ಲಿ ಓಡುವ ಪುಟ್ಟ ಕಾರೊಂದನ್ನು ಮಾಡಿಸಿದರು. ಊರೊಳಗೇ ತಿರುಗಾಡುವ ಡಾಕ್ಟರರಿಗೆ, ವಕೀಲರಿಗೆ ಅಂಥವನ್ನು ಮಾಡಿ ಮಾರಬೇಕೆಂಬುದು ಅವರ ಹಂಬಲ. ನಾಲ್ಕೂ ಊರುಗಳ ಪ್ರಚಾರವನ್ನು ಕಾಕಾ ಅವರಿಗೆ ವಹಿಸಿದರು. ಅದೇ ವಾರ ಹುಬ್ಬಳ್ಳಿಯ ವೈದ್ಯರು ಕೊರಳಿನ ಗಂಟನ್ನು ಒತ್ತಿ ನೋಡಿ, ಇನ್ನು ಮೇಲೆ ಕೂಗಕೂಡದೆಂದು ತಿಳಿಸಿದರು. ಧ್ವನಿ ಆಗಲೇ ಒಡೆದಿತ್ತು. ಕೆಲವು ದಿನ ಮಧ್ಯಾಹ್ನದ ಹೊತ್ತಿಗೆ ಅದು ಬರುತ್ತಲೇ ಇರಲಿಲ್ಲ. ಸಾಹುಕಾರರಿಗೆ ಇದು ತಿಳಿದರೆ ಧ್ವನಿವರ್ಧಕದವರನ್ನು ಕರೆಸುವರು. ಅವರು ಒಮ್ಮೆ ಬಂದರೆ ಕಾಕಾ ಅವರಿಗೆ ಯಾವ ಊರೂ ಉಳಿಯದು.

"ಕೂಗೋದ ಬಿಟ್ರ ನಾ ಯಾರೋ? ಮೂಲ್ಯಾಗಿನ ಮುರಕಾ ಖುರ್ಚಿ" ಎಂದರು.

ನಾನು ನಿಘಂಟು ನೋಡಿ, ವಿಸರ್ಗವನ್ನು ಖಚಿತಪಡಿಸಿಕೊಂಡು, 'ನಿಃಶಬ್ದ ವಾಹನ' ಎಂದು ಬರೆದು ಓದಿದೆ. ಕಾಕಾ ಎರಡು ಸಲ ಓದಿಸಿದರು.

"ನಿಃ ಅಂತೀಯಲ್ಲ, ದೀಪಾ ಊದಿ ಆರಿಸಿದಂಗ ಕೇಳತೈತಿ. ಬ್ಯಾಡ. ಅದೂ ಅಲ್ಲದ, ಸದ್ದಿಲ್ಲ ಅನ್ನೋದನ್ನ ಕೂಗಿ ಹೆಂಗ ಹೇಳೋದು?" ಎಂದವರು ತಟ್ಟನೆ ನಕ್ಕರು. "ಕೂಗೋದ ಬ್ಯಾಡ ನಡಿ! ನಾ ಗಾಡ್ಯಾಗ ಬಾಯಿ ಮುಚಗೊಂಡು ಕುಂದ್ರತೇನಿ. ನನ್ನ ಬಾಯಿ ಮುಚ್ಚಿದ್ದನ್ನ ಈ ನಾಕೂರಾಗ ಯಾವ ಮಗಾ ಕಂಡಾನ? ಅದನ್ನ ನೋಡಾಕರೆ ಮಂದಿ ಬರತಾರ. ಬೋರ್ಡಿನ ಮ್ಯಾಲ ಒಂದ ಮಾತ ಬರಿ: 'ಕೇಳಿಸಿತೇನ್ರಿ?'"

ಕಾರನ್ನು ಮಾರುವುದಕ್ಕೂ ಕಾಯಿಲೆಯನ್ನು ಮರೆಮಾಚುವುದಕ್ಕೂ ಒಂದೇ ಉಪಾಯ. ಕಾಯಿಲೆಯ ಸುಳಿವಿಲ್ಲದ ಸಾಹುಕಾರರು ಕೇಳಿ ಚಪ್ಪಾಳೆ ತಟ್ಟಿದರು. ನನಗೇಕೋ ನಗು ಬರಲಿಲ್ಲ.

ಸವಣೂರಿನಲ್ಲಿ ಜನ ಹೊಟ್ಟೆ ಹಿಡಿದು ನಕ್ಕರು. ಶಿಗ್ಗಾಂವಿಯಲ್ಲಿ ಕಾರು ಪಕ್ಕದಲ್ಲಿಯೇ ಹಾದುಹೋದರೂ ಬೀದಿಯಲ್ಲಿ ಮಲಗಿದ್ದ ನಾಯಿ ಕಿವಿಯೆತ್ತಲಿಲ್ಲ. "ಕಾಕಾ, ಇದು ಬಂದದ್ದ ಗೊತ್ತಾಗೂದಿಲ್ಲಲ್ರೀ! ಮೈಮ್ಯಾಲ ಬಂದ ಮ್ಯಾಲನ ನೋಡಬೇಕು" ಎಂದು ಎಲೆ ಅಂಗಡಿಯವನು ಹೇಳಿದ. ಕಾಕಾ ತುಟಿಯ ಮೇಲೆ ಬೆರಳಿಟ್ಟುಕೊಂಡರು. ಕಣ್ಣು ಮಾತ್ರ ನನ್ನ ಕಡೆಗೆ ತಿರುಗಿತು.

ಹಾನಗಲ್ಲಿಗೆ ಸಾಹುಕಾರರು ತಾವೇ ಬಂದರು. ಉತ್ಸಾಹದಲ್ಲಿ ಕಾರಿನ ನಾಲ್ಕು ಮೂಲೆಗೂ ಬಾಳೆಕಂದು ಕಟ್ಟಿಸಿ, ಚೆಂಡುಹೂವಿನ ಮಾಲೆಗಳನ್ನು ಇಳಿಬಿಡಿಸಿ, ಎಲ್ಲರಿಗೂ ಕಾಣಲೆಂದು ಎತ್ತರದ ಮಣೆಯ ಮೇಲೆ ಕಾಕಾ ಅವರನ್ನು ಕೂರಿಸಿ ಕೊರಳಿಗೆ ಹಾರ ಹಾಕಿದರು. ಬಾಳೆಯ ಎಲೆ ನನ್ನ ಬೋರ್ಡನ್ನು ಮುಚ್ಚಿಬಿಟ್ಟಿತು. ನಮ್ಮಲ್ಲಿ ಲಿಂಗಾಯತರು ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ; ಹೂವಿನ ವಿಮಾನ ಕಟ್ಟಿ, ಅದರೊಳಗೆ ಕುಳ್ಳಿರಿಸಿ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಈ ಹೋಲಿಕೆ ನನಗೆ ಹೊಳೆಯುವಷ್ಟರಲ್ಲಿ ಕಾರು ಪೇಟೆಯೊಳಗೆ ಸದ್ದಿಲ್ಲದೆ ನುಗ್ಗಿತ್ತು.

ಕಟ್ಟೆಗಳ ಮೇಲಿದ್ದವರು ಎದ್ದು ನಿಂತರು. ಒಬ್ಬ ಚಪ್ಪಲಿ ಬಿಟ್ಟು ಕೈಮುಗಿದ. ಮಂಡಕ್ಕಿ ಮಾರುವ ಮುದುಕಿ ಮೊರದಿಂದ ಒಂದು ಹಿಡಿ ತೆಗೆದು ಕಾರಿನ ಮೇಲೆ ತೂರಿದಳು. "ಯವ್ವಾ, ಕಾಕಾ ಹೋದ್ರಲ್ರೋ! ನಿನ್ನಿ ಇನ್ನೂ ಚೇಷ್ಟೆ ಮಾಡಿ ಹೋಗಿದ್ರು!" ಹಿಂದಿನ ಓಣಿಯಿಂದ ಕಾಕಾ ಅವರ ಅಕ್ಕ ಎದೆ ಬಡಿದುಕೊಳ್ಳುತ್ತ ಓಡಿಬಂದರು.

ಕಾಕಾ ಎದ್ದು ನಿಂತು ಬಾಯಿ ತೆರೆದರು. ನರ ಉಬ್ಬಿತು, ಧ್ವನಿ ಬರಲಿಲ್ಲ. ಹೆಂಗಸರು ಚೀರಿ ಹಿಂದೆ ಸರಿದರು. ಮತ್ತೊಮ್ಮೆ ತೆರೆದರು, ಬರಿಯ ಗಾಳಿ ಬಂತು.

"ಮಾತಾಡ್ರೀ ಕಾಕಾ! ಬದುಕೇನಿ ಅಂತ ಹೇಳ್ರಿ!" ಎಂದು ಸಾಹುಕಾರರು ಕೂಗಿದರು. ಆಮೇಲೆ ಕಾಕಾ ಅವರ ಕೊರಳನ್ನೇ ದಿಟ್ಟಿಸಿದರು; ಧ್ವನಿ ಹೋಗಿರುವುದು ಅವರಿಗೆ ಆಗ ತಿಳಿಯಿತು.

ಅಕ್ಕ ತಮ್ಮನ ಕಾಲು ಮುಟ್ಟಿ, ಬಿಸಿಯಿರುವುದನ್ನು ಅರಿತು, ಬೆನ್ನಿಗೊಂದು ಗುದ್ದಿದರು. "ಸತ್ತಾಟ ಆಡತೀಯೇನೋ ಭಾಡ್ಯಾ!" ಬೀದಿಯೆಲ್ಲ ನಕ್ಕಿತು. ಕಾಕಾ ನಗಲಿಲ್ಲ, ಮಫ್ಲರಿಗೆ ಸಿಕ್ಕಿದ್ದ ಮಂಡಕ್ಕಿಯನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಿದ್ದರು.

ಹಿರೇಕೆರೂರಿಗೆ ಧ್ವನಿವರ್ಧಕ ಹೋಯಿತು. ಊರೆಲ್ಲ ಹೆಣದ ಗಾಡಿಯೆಂದು ಕರೆದ ಆ ಕಾರನ್ನು ಯಾರೂ ಕೊಳ್ಳಲಿಲ್ಲ. ಅನಂತರ ಕಾಕಾ ಮನೆಯಲ್ಲಿಯೇ ಉಳಿದರು. ನಾನು ಸಂಜೆಗೆ ಹೋಗಿ ಬರೆದುದನ್ನು ಓದುತ್ತಿದ್ದೆ. ಹಿಡಿಸದ ಮಾತು ಬಂದರೆ ಅವರು ದೀಪ ಊದಿದಂತೆ ತುಟಿ ಮಾಡುತ್ತಿದ್ದರು. ಇಂದಿಗೂ ಏನು ಬರೆದರೂ ಆ ತುಟಿಗಳಿಗೆ ಹೆದರಿ ಗಟ್ಟಿಯಾಗಿ ಓದಿಕೊಳ್ಳುತ್ತೇನೆ.

ಮರುವರ್ಷದ ಬೇಸಿಗೆಯನ್ನು ಅವರು ಕಾಣಲಿಲ್ಲ. "ಊರಿಗೆಲ್ಲ ಸುದ್ದಿ ಹೇಳಿದಂವನ ಸುದ್ದಿ ಹೇಳಾಕ ಯಾರೂ ಇಲ್ಲೋ. ನೀನ ಹೋಗು" ಎಂದು ಅಕ್ಕ ತುತ್ತೂರಿಯನ್ನು ನನ್ನ ಕೈಗಿತ್ತರು. 'ಕಾಕಾ ಅವರು ಇಂದು ಪ್ರಾತಃಕಾಲ ಲಿಂಗೈಕ್ಯರಾದರೆಂದು ತಿಳಿಸಲು ವಿಷಾದಿಸುತ್ತೇವೆ' ಎಂದು ಬರೆದುಕೊಂಡು, ನಡೆದೇ ಹೋಗಿ, ಪೇಟೆಯ ನಡುವೆ ನಿಂತು ಓದಿದೆ. ಯಾರೂ ಏಳಲಿಲ್ಲ.

ಮಂಡಕ್ಕಿಯ ಮುದುಕಿ ನಕ್ಕಳು. "ಈ ಸಲ ಯಾವ ಗಾಡಿ ಮಾರಾಕತ್ತೀರೋ ತಮ್ಮಾ?"

ನನ್ನ ನಾಲಿಗೆ ಒಣಗಿತ್ತು. ಕಾಗದವನ್ನು ಮಡಚಿ, ತುತ್ತೂರಿಯನ್ನು ಮತ್ತೆ ಬಾಯಿಗಿಟ್ಟುಕೊಂಡೆ.

"ಕಾಕಾ ಹೋದ್ರು. ಖರೇನ ಹೋದ್ರು. ಕೇಳಿಸಿತೇನ್ರಿ?"

ಮುದುಕಿಯ ಕೈ ಮೊರದ ಮೇಲೆ ನಿಂತಿತು. ಕಟ್ಟೆಗಳಿಂದ ಒಬ್ಬೊಬ್ಬರೇ ಕೆಳಗಿಳಿದರು.