ಶಿವಗಂಗಮ್ಮನ ಗಂಜಲ, ಸಣ್ಣಯ್ಯನ ಹೆಸರು

ಹಾಸನದ ರೈಲ್ವೆ ಸ್ಟೇಷನ್ನಿನ ಹಿಂದೆ ತಗಡಿನ ಚಪ್ಪರ ಹಾಕಿಕೊಂಡು ಮೋಟಾರು ರಿಪೇರಿ ಮಾಡುತ್ತಿದ್ದ ಬೂವನಹಳ್ಳಿಯ ಸಣ್ಣಯ್ಯನಿಗೆ ಓದು ಬರಹ ಬರುತ್ತಿರಲಿಲ್ಲ. ಬರದಿದ್ದರೇನಂತೆ? ಇಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುವ ಆಸಾಮಿ. ಕಾಫಿ ತೋಟದಲ್ಲಿ ಲಾರಿ ತೊಳೆಯಲು ಸೇರಿ, ಹತ್ತು ವರ್ಷ ಬರೀ ನೋಡಿ ನೋಡಿ ವಿದ್ಯೆ ಕಲಿತಿದ್ದ. ಊರಾಚೆಯ ಕೇರಿಯವನ ಕೈಗೆ ಮೋಟಾರು ಕೊಡುವುದೇ ಎಂದು ಮೂಗು ಮುರಿದವರೆಲ್ಲ ಗಾಡಿ ನಡುದಾರಿಯಲ್ಲಿ ನಿಂತಾಗ ಅವನನ್ನೇ ಹುಡುಕಿಕೊಂಡು ಬಂದರು. ‘ಸಣ್ಣಯ್ಯ ಮುಟ್ಟಿದರೆ ವರ್ಷ ಚಿಂತೆಯಿಲ್ಲ’ ಎಂಬ ಮಾತೊಂದೇ ಅವನ ಆಸ್ತಿ.

ಆ ಆಸ್ತಿಗೆ ಕಲ್ಲು ಬಿದ್ದದ್ದು ಸಾವಿರದ ಒಂಬೈನೂರ ನಲವತ್ತರಲ್ಲಿ. ಅರಕಲಗೂಡಿನ ಜವಳಿ ಅಂಗಡಿಯ ಪಾಲಾಕ್ಷ ಯಾರೋ ತೋಟದ ದೊರೆಯಿಂದ ಏಳುನೂರು ರೂಪಾಯಿಗೆ ಒಂದು ಪುಟ್ಟ ಹಳೇ ಕಾರು ಕೊಂಡ. ನಾಲ್ಕು ಜನ ಮೊಣಕಾಲು ಮಡಚಿ ಕೂರಬಹುದಾದ ಮುಚ್ಚುಗಾಡಿ. ಹೊರಗೆ ಥಳಥಳ, ಒಳಗೆ ಲಟಪಟ! ರೇಡಿಯೇಟರ್ ಸೋರುತ್ತಿತ್ತು, ಸಣ್ಣಯ್ಯ ಒಂದೂವರೆ ರೂಪಾಯಿಗೆ ಬೆಸೆದ. ಸ್ಪ್ರಿಂಗಿನ ಪಟ್ಟಿ ಮುರಿದಿತ್ತು, ನಾಲ್ಕು ರೂಪಾಯಿ. ಯುದ್ಧ ಬಂದು ಸಾಮಾನು ಸಿಗದ ಕಾಲ, ಕ್ಲಚ್ಚಿಗೆ ಹನ್ನೆರಡು ರೂಪಾಯಿಯೇ ಆಯಿತು. ಅವೆಲ್ಲ ಒಮ್ಮೆ ಮಾಡಿದ್ದು ಗಟ್ಟಿಯಾಗಿ ನಿಂತವು.

ನಿಲ್ಲದ್ದು ಒಂದೇ ರೋಗ. ಬೆಳಿಗ್ಗೆ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಪಾಲಾಕ್ಷನ ತೋಳು ಬಿದ್ದುಹೋದರೂ ಇಂಜಿನ್ ಕೆಮ್ಮುತ್ತಿರಲಿಲ್ಲ. ಸಣ್ಣಯ್ಯ ಬಸ್ಸು ಹತ್ತಿ ಬಂದು, ಪ್ಲಗ್ಗುಗಳಿಗೆ ಕಿಡಿ ಹಂಚುವ ಕಪ್ಪು ಮುಚ್ಚಳದ ಡಬ್ಬಿ ಬಿಚ್ಚಿ ನೋಡಿದರೆ ಒಳಗಿನ ಹಿತ್ತಾಳೆಗೆಲ್ಲ ಹಸಿರು ಕಿಲುಬು. ಕೆರೆದು ಒರೆಸಿದ ಕೂಡಲೇ ಗಾಡಿ ಶುರು. ವಾರದೊಳಗೆ ಮತ್ತೆ ಅದೇ ಕಥೆ. ಬೇರೆ ಯಾರ ಕಾರಿಗೂ ಇಲ್ಲದ ಕಿಲುಬು ಇದಕ್ಕೆಲ್ಲಿಂದ ಬರುತ್ತದೆ? ತಲೆ ಕೆರೆದುಕೊಂಡರೂ ತಿಳಿಯಲಿಲ್ಲ.

ಪಾಲಾಕ್ಷನ ಬಾಯಿಯೋ, ಕೇಳಬೇಡಿ. ಹೊಳೆನರಸೀಪುರದ ಸಂತೆಯಲ್ಲಿ, ಚನ್ನರಾಯಪಟ್ಟಣದ ಮದುವೆ ಮನೆಯಲ್ಲಿ, ಹೋದಲ್ಲೆಲ್ಲ ‘ಸಣ್ಣಯ್ಯನ ರಿಪೇರಿ ಎಂಟು ದಿನದ್ದು’ ಎಂದು ಸಾರಿದ. ಚನ್ನರಾಯಪಟ್ಟಣದ ಇಬ್ಬರು ಖಾಯಂ ಗಿರಾಕಿಗಳು ಬರುವುದನ್ನೇ ಬಿಟ್ಟರು. ಸಣ್ಣಯ್ಯನಿಗೆ ಅನ್ನ ಸೇರದಂತಾಯಿತು.

ನಾಲ್ಕನೆಯ ಸಲ ಕಾರು ಸರಿ ಮಾಡಿ ಹೊರಟವನು ಸ್ಪ್ಯಾನರ್ ಮರೆತೆನೆಂದು ಬೀದಿಯ ತುದಿಯಿಂದ ವಾಪಸು ಬಂದ. ಬಂದು ನೋಡುತ್ತಾನೆ, ಪಾಲಾಕ್ಷನ ತಾಯಿ ಶಿವಗಂಗಮ್ಮ ಬಾನೆಟ್ಟು ಎತ್ತಿ ಹಿಡಿದು, ಅವನು ಮುಟ್ಟಿದ ಜಾಗಕ್ಕೆಲ್ಲ ಚೊಂಬಿನಿಂದ ಗಂಜಲ ಸುರಿಯುತ್ತಿದ್ದಾಳೆ!

ಮುದುಕಿ ಕೆಟ್ಟವಳಲ್ಲ. ಅವನು ಬಂದಾಗಲೆಲ್ಲ ಎಲೆಯಲ್ಲಿ ಮುದ್ದೆಯಿಟ್ಟು, ಬೊಗಸೆಗೆ ಎತ್ತರದಿಂದ ಮಜ್ಜಿಗೆ ಹೊಯ್ದು, ‘ಒಟ್ಟೆ ತುಂಬ ಉಣ್ಲಾ’ ಎನ್ನುವವಳು. ಅವಳ ಅತ್ತೆ ಮಾಡಿದ್ದನ್ನು ಅವಳು ಮಾಡುತ್ತಿದ್ದಳು. ತಾನು ಕೂತೆದ್ದ ಜಾಗಕ್ಕೆ ಜನ ನೀರು ಹಾಕುವುದು ಸಣ್ಣಯ್ಯನಿಗೆ ಹೊಸದೂ ಅಲ್ಲ. ಆದರೆ ಮೈಲಿಗೆ ತೊಳೆಯಲು ಅವಳು ಸುರಿದ ಗಂಜಲವೇ ಹಿತ್ತಾಳೆಗೆ ಕಿಲುಬು ಹಿಡಿಸಿ, ತನ್ನ ಕೆಲಸವನ್ನು ಕೆಡಿಸಿ ತನ್ನ ಮೇಲೆ ಅಪವಾದ ಹೊರಿಸಿತ್ತಲ್ಲ, ಅದನ್ನು ಮಾತ್ರ ಅವನಿಗೆ ಸಹಿಸಲಾಗಲಿಲ್ಲ. ಅವಳಿಗೆ ಕಾಣದಂತೆ ಸ್ಪ್ಯಾನರ್ ತೆಗೆದುಕೊಂಡು ಹೊರಟುಹೋದ.

ಮುಂದಿನ ವಾರ ಮತ್ತೆ ಕರೆ ಬಂತು. ಸಣ್ಣಯ್ಯ ಡಬ್ಬಿ ಒರೆಸಿ, ಹಳೇ ಟ್ಯೂಬು ಕತ್ತರಿಸಿ ತಾನೇ ಹೊಲಿದು ತಂದಿದ್ದ ರಬ್ಬರಿನ ಟೋಪಿಯನ್ನು ಅದರ ಮೇಲೆ ಬಿಗಿದು ಕಟ್ಟಿದ. ಪಾಲಾಕ್ಷ ಪಕ್ಕದಲ್ಲೇ ನಿಂತಿದ್ದ, ಅವನ ತಾಯಿ ಬಾಗಿಲಲ್ಲಿ.

“ಅವ್ವೋರೆ, ಗಂಜಲ ತಕ್ಕೊಂಡ್ಬನ್ನಿ.”

ಶಿವಗಂಗಮ್ಮನ ಮುಖ ಬಿಳುಚಿತು. ಪಾಲಾಕ್ಷ ಬಾಯಿ ಬಿಟ್ಟ. “ಅವ್ವಾ! ಇಂಜಿನ್ನಿಗೆ ಗಂಜಲ ಉಯ್ತಿದ್ದೇನವ್ವಾ ನೀನು?”

“ಮತ್ತಿನ್ನೇನ್ಲಾ ಮಾಡಾದು? ದಿನಾ ಅದ್ರಾಗೇ ಕುಂತ್ಕಂಡ್ ಓಯ್ತೀಯಲ್ಲ,” ಎಂದಳು. ಚೊಂಬೇನೋ ತಂದಳು. ಕೈ ಮಾತ್ರ ಮುಂದೆ ಬರಲಿಲ್ಲ. “ನೀನು ಓಗು ಸಣ್ಣಯ್ಯ. ಆಮ್ಯಾಕೆ ಉಯ್ಕತೀನಿ.”

“ಇಲ್ಲ ಅವ್ವೋರೆ, ನನ್ ಕಣ್ಮುಂದೇನೇ ಉಯ್ಯಿರಿ. ಒಳೀಕೆ ಇಳೀತದೋ ಇಲ್ವೋ ನಾನು ನೋಡ್ಬೇಕು.”

“ನಿನ್ ಮಕ ನೋಡ್ಕಂಡು ಎಂಗ್ಲಾ ಉಯ್ಯಲಿ?”

“ನನ್ನ ಎಸ್ರು ಉಳೀಬೇಕು ಅಂದ್ರೆ ಉಯ್ಯಿರಿ ಅವ್ವೋರೆ. ಕೈ ಮುಗೀತೀನಿ.”

ಅವನು ನಿಜಕ್ಕೂ ಕೈ ಮುಗಿದ. ಮುದುಕಿ ಮುಖ ಆಚೆ ತಿರುಗಿಸಿಕೊಂಡು ಸುರಿದಳು. ಸಣ್ಣಯ್ಯ ಬಗ್ಗಿ, ಟೋಪಿಯ ಅಂಚಿನಲ್ಲಿ ಬೆರಳಾಡಿಸಿ, ಹೋಗಿ ಹ್ಯಾಂಡಲ್ ತಿರುಗಿಸಿದ. ಒಂದೇ ಸುತ್ತಿಗೆ ಇಂಜಿನ್ ಗುರ್ರೆಂದಿತು. “ಭಲೇ! ಎಲ್ರಿಗೂ ನಾನೇ ಏಳ್ತೀನಿ ಕಣಯ್ಯಾ, ನಿಂದೇನೂ ತಪ್ಪಿರ್ಲಿಲ್ಲ ಅಂತ,” ಎಂದು ಪಾಲಾಕ್ಷ ಕುಣಿದಾಡಿದ. ಸಣ್ಣಯ್ಯನಿಗೂ ಮೈ ಹಗುರಾಯಿತು.

ಶಿವಗಂಗಮ್ಮ ಮಾತ್ರ ಖಾಲಿ ಚೊಂಬು ಹಿಡಿದು ಅಲ್ಲೇ ನಿಂತಿದ್ದಳು. “ಸಣ್ಣಯ್ಯಾ, ನಿಂಗೆ ಬ್ಯಾಸರ ಆಗಾಕಿಲ್ವೇನ್ಲಾ?”

“ಆಯ್ತದೆ ಅವ್ವೋರೆ,” ಎಂದ ಅವನು, ಎಣ್ಣೆಗೈ ಒರೆಸಿಕೊಳ್ಳುತ್ತ. “ಉಟ್ದಾಗ್ಲಿಂದ ಆಯ್ತಾನೇ ಅದೆ. ಆದ್ರೆ ಕೆಲ್ಸ ಬರಾಕಿಲ್ಲ ಅನ್ನಿಸ್ಕಂಡಿದ್ದು ಇದೇ ಮೊದ್ಲು.”

ಸಣ್ಣಯ್ಯ ಸಾಮಾನಿನ ಚೀಲ ಹೆಗಲಿಗೇರಿಸಿ, ಮೂರು ಗಂಟೆಯ ಬಸ್ಸಿಗೆ ಹೊರಟ.